ಉಗಿ ಎಂಜಿನ್ನಿನ ನಾಣ್ಯ

ಮುಂಬೈಯ ವಿಲೆ ಪಾರ್ಲೆಯ ಒಂದು ಬಿಲ್ಡಿಂಗಿನ ಮೂರನೇ ಮಾಳಿಗೆಯ ಸತ್ಯಮೂರ್ತಿಗಳಿಗೆ ನಾಣ್ಯ ಕೂಡಿಡುವ ಹುಚ್ಚು. ಹಳೆಯ ಉಗಿ ಎಂಜಿನ್ನುಗಳ ನೆನಪಿಗೆಂದು ಹೊರಡಿಸಿದ ನಾಣ್ಯಗಳಲ್ಲಿ ಒಂದು ಬಗೆಯದು ಅವರ ಬಳಿ ಎರಡಿತ್ತು. ಬಿಲ್ಡಿಂಗಿನ ವಾಚ್‌ಮನ್ ಅಣವೀರಪ್ಪ ಹರೆಯದಲ್ಲಿ ರೈಲಿನ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದನೆಂದು ಗೊತ್ತಿದ್ದರಿಂದ ಒಂದನ್ನು ಅವನ ಕೈಗಿಟ್ಟರು. ಅದರ ಮೇಲಿದ್ದದ್ದು ಅವನ ಕಾಲದಲ್ಲಿ ಗದಗಿನ ಕಡೆ ಓಡುತ್ತಿದ್ದಂಥದೇ ಎಂಜಿನ್ನು. ಡ್ರೈವರ್ ನಿಲ್ಲುವ ಕಿಟಕಿಯೂ ಕಾಣುತ್ತಿತ್ತು. ಅಂದು ಅಣವೀರಪ್ಪನಿಗೆ ಅನ್ನ ಸೇರಲಿಲ್ಲ.

ಮೂವತ್ತೈದು ವರ್ಷಗಳ ಹಿಂದೆ ಅಂಥ ಕಿಟಕಿಯಲ್ಲಿ ನಿಂತಿದ್ದ ಡ್ರೈವರ್ ಸಿದ್ದರಾಮಪ್ಪ, ಹಳಿಯ ಮೇಲೆ ನಿಂತ ಗೂಡ್ಸ್ ಗಾಡಿಗೆ ಎಂಜಿನ್ನು ಗುದ್ದಿ ಸತ್ತಿದ್ದ. ಕೆಂಪು ಸಿಗ್ನಲ್ ದಾಟಿದ್ದು ಅವನದೇ ತಪ್ಪೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಹಾಗೆಂದು ಹೇಳಿಕೆ ಕೊಟ್ಟವನು ಅಂದು ಅದೇ ಎಂಜಿನ್ನಿನಲ್ಲಿ ಫೈರ್‌ಮನ್ ಆಗಿದ್ದ ಅಣವೀರಪ್ಪ.

ಭಾನುವಾರ ಅವನು ವಿಕ್ರೋಳಿಗೆ ಹೋದ. ಸಿದ್ದರಾಮಪ್ಪನ ಹೆಂಡತಿ ರುಕ್ಮಿಣಿಬಾಯಿ ಅಲ್ಲಿ ಮಗಳು ಶೈಲಾಳ ಚಾಳಿನ ಮನೆಯಲ್ಲಿದ್ದಳು. ಪ್ರತಿ ದಸರೆಗೆ ಬನ್ನಿ ಕೊಡಲು ಬರುವ ಅವನನ್ನು ತಮ್ಮಾ ಎಂದೇ ಕರೆಯುತ್ತಿದ್ದಳು. ನಾಣ್ಯವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಇಂಥದರ ಮೇಲೇ ಅಲ್ಲವೇ ಅವರು ಹೋದದ್ದು ಎಂದಳು.

ಅಣವೀರಪ್ಪ ನೆಲ ನೋಡುತ್ತ ಹೇಳಿದ: "ಅಕ್ಕಾ, ತಿರುವಿನ್ಯಾಗ ಅವರ ಕಡಿಂದ ಸಿಗ್ನಲ್ ಕಾಣ್ತಿರಲಿಲ್ಲ. ನನ್ನ ಕೇಳಿದ್ರು. ನಾ ಸಿಗ್ನಲ್ ನೋಡದನ, ಹೋಗ್ರಿ, ದಾರಿ ಕೊಟ್ಟಾರ ಅಂದೆ."

ನೌಕರಿ ಹೋದೀತೆಂದು ಹೆದರಿ ವಿಚಾರಣೆಯಲ್ಲಿ ಸುಳ್ಳು ಹೇಳಿದ್ದು, ಆಮೇಲೆ ಆ ನೌಕರಿಯಲ್ಲೂ ನಿಲ್ಲಲಾಗದೆ ಮುಂಬೈಗೆ ಓಡಿಬಂದದ್ದು, ಎಲ್ಲವನ್ನೂ ಹೇಳಿದ.

ರುಕ್ಮಿಣಿಬಾಯಿ ನಾಣ್ಯವನ್ನು ಕೆಳಗಿಟ್ಟಳು. ಸಿದ್ದರಾಮಪ್ಪ ಕುಡಿದು ಗಾಡಿ ಹೊಡೆದನೆಂದು ಊರ ಜನ ಆಡಿಕೊಂಡಿದ್ದರು. ಅದನ್ನು ಕೇಳಲಾರದೆಯೇ ಅವಳು ಊರು ಬಿಟ್ಟದ್ದು. ಹನಿಯೂ ಮುಟ್ಟದ ಗಂಡನನ್ನು ಒಂದೊಂದು ಸಲ ಅವಳೂ ಶಂಕಿಸಿದ್ದಳು.

"ನಿನ್ನ ಮಾತು ನಂಬಿ ನಾನೂ ಅವರಿಗೆ ಬೈದೀನಿ, ಅಣವೀರಪ್ಪ," ಎಂದಳು. ತಮ್ಮಾ ಎನ್ನಲಿಲ್ಲ. "ಶೈಲಾ ಬರ್ತಾಳ. ಆಕಿ ಮುಂದ ಇನ್ನೊಮ್ಮೆ ಹೇಳು."

ಶೈಲಾ ಬಂದಳು. ಅವನು ಹೇಳಿದ. ಅಪ್ಪನ ಮುಖವೇ ನೆನಪಿಲ್ಲದ ಅವಳು ಒಂದು ಹಾಳೆ ತಂದು, ಅವನು ಹೇಳಿದ್ದನ್ನೆಲ್ಲ ಬರೆದು, ಮುಂದಿಟ್ಟಳು. ಅವನು ಸಹಿ ಮಾಡಿದ. ತಾಯಿಗೆ ಓದಿ ಹೇಳಿದಳು. ತಪ್ಪು ಅವರದಲ್ಲ ಎಂಬ ಸಾಲನ್ನು ರುಕ್ಮಿಣಿಬಾಯಿ ಮತ್ತೆ ಓದಿಸಿದಳು.

ಅಣವೀರಪ್ಪ ಎದ್ದು, "ಹೋಗಿ ಬರ್ತೀನಕ್ಕಾ," ಎಂದ. ಬಾ ಎಂದು ಯಾರೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿ ಸ್ಟೇಷನ್ನಿನ ಕಡೆ ನಡೆದ.