ಜಡೆಯೊಳಗಿಂದ ಇಳಿದ ಹನಿ

ಹಲಸೂರು ಕೆರೆಯ ನೀರಿನಲ್ಲಿ ಕುದುರೆಗಳು ತಮ್ಮ ಮುಖ ತಾವೇ ನೋಡಿಕೊಳ್ಳುತ್ತಿದ್ದ ಕಾಲವಂತೆ. ಆಗ ಒಬ್ಬ ರಾಜ, ಅವನಿಗೊಂದು ಬಿಳಿ ಕುದುರೆ. ಒಂದು ಬೆಳಿಗ್ಗೆ ಕುದುರೆಯ ಕಣ್ಣಿಗೆ ಮಂಜು ಕವಿಯಿತು. ನೂರೊಂದು ಹನಿ ಇಬ್ಬನಿ ಬಿಟ್ಟರೆ ಮಂಜು ಕರಗುತ್ತದೆ, ಆದರೆ ಬಿಡುವವರ ಕೈ ಕಣ್ಣಿನ ಹತ್ತಿರ ಸುಳಿಯಬಾರದು ಎಂದು ಶರತ್ತು. ಆಸ್ಥಾನದ ಪಂಡಿತರೆಲ್ಲ ಒದೆ ತಿಂದು ಮನೆಗೆ ಹೋದರು. ಕೊನೆಗೆ ಕುರಿ ಕಾಯುವ ಹುಡುಗಿಯೊಬ್ಬಳು ಬಂದು, ನಾನು ಮಾಡುತ್ತೇನೆ ಅಂದಳು. ಮಾಡಿಯೂ ಬಿಟ್ಟಳು.

"ಹೇಗೆ ಮಾಡಿದ್ಳು ಅಜ್ಜಿ?"

ಕೆ.ಆರ್. ಪುರದ ನಮ್ಮ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಆಂಜನಮ್ಮಜ್ಜಿ ಈ ಕಥೆ ಹೇಳುವಾಗಲೆಲ್ಲ ನಾನು ಇದೇ ಜಾಗದಲ್ಲಿ ಅಡ್ಡ ಬರುತ್ತಿದ್ದೆ.

"ಹೆಂಗೋ ಮಾಡಿದ್ಳು. ಅವಳ ಕೆಲಸ ಅವಳಿಗೆ ಗೊತ್ತಿತ್ತು. ನೀನು ಕಾಯಿ ಸುಲಿ."

ಅಷ್ಟಕ್ಕೆ ಸಮಾಧಾನವಾಗದ ನಾನು ಬೆಳೆದು ಪಶುವೈದ್ಯೆಯಾದೆ. ಜೀವನ್ ಬಿಮಾ ನಗರದಲ್ಲಿ ಡಾ. ವೆಂಕಟಸ್ವಾಮಿಯವರ ಕ್ಲಿನಿಕ್ಕಿನಲ್ಲಿ ಕೆಲಸ. ಅವರು ಮೂವತ್ತು ವರ್ಷ ಕುದುರೆಗಳ ನಡುವೆಯೇ ಕಳೆದವರು. ಈಗ ಅವರ ಮಂಡಿ ಸಹಕರಿಸುವುದಿಲ್ಲ, ಹಾಗಾಗಿ ಕುದುರೆ ಅಂದರೆ ನನ್ನನ್ನೇ ಕಳಿಸುತ್ತಾರೆ. ಹೋದ ಜನವರಿಯ ಒಂದು ಸೋಮವಾರ ಶಿವಾಜಿನಗರದಿಂದ ಫೋನ್ ಬಂತು. ಮದುವೆ ಮೆರವಣಿಗೆಗೆ ಕುದುರೆ ಕೊಡುವ ಶಫಿ ಚಾಚಾರ ಬಿಳಿ ಹೆಣ್ಣು ಕುದುರೆ ಬಿಜ್ಲಿ ಬಲಗಣ್ಣು ಬಿಡುತ್ತಿಲ್ಲವಂತೆ.

ಗುಜರಿ ಅಂಗಡಿಗಳ ಹಿಂದಿನ ಓಣಿಯಲ್ಲಿ ಅವರ ಮನೆ. ಅಂಗಳದಲ್ಲೇ ತಗಡಿನ ಲಾಯ. ಬಿಜ್ಲಿ ಮೂಲೆಗೆ ಮುಖ ಮಾಡಿ ನಿಂತಿದ್ದಳು. ಬಲಗಣ್ಣಿನ ರೆಪ್ಪೆಗೂದಲು ಕೆಳಕ್ಕೆ ಬಾಗಿತ್ತು. ನೋವಿರುವ ಕಣ್ಣಿನ ಗುರುತು ಅದು. ಆರೋಗ್ಯವಾಗಿದ್ದರೆ ರೆಪ್ಪೆಗೂದಲು ನೇರ ಮುಂದಕ್ಕೆ ಚಾಚಿಕೊಂಡಿರುತ್ತದೆ. ನೀರು ಕೆನ್ನೆಯುದ್ದಕ್ಕೂ ಇಳಿದು ಕಪ್ಪು ಗೆರೆಯಾಗಿತ್ತು.

"ಮೂರು ವಾರದ ಹಿಂದೆ ಒಂದು ಬಾರಾತ್‌ನಲ್ಲಿ ಹುಡುಗರು ಆ ಮಿಂಚೋ ಕಾಗದ ಸಿಡಿಸಿದ್ರು ಡಾಕ್ಟರಮ್ಮ. ಚೂರು ಕಣ್ಣೊಳಗೆ ಹೋಯ್ತು. ನಾನೇ ತೆಗೆದೆ," ಅಂದರು ಚಾಚಾ.

ಮಂಪರಿನ ಸೂಜಿ ಕೊಟ್ಟು, ಹುಬ್ಬಿನ ಹತ್ತಿರ ಇನ್ನೊಂದು ಚುಚ್ಚಿ ರೆಪ್ಪೆಯ ಬಿಗಿತ ಇಳಿಸಿದೆ. ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಕಣ್ಣಿಗೆ ತಾಗಿಸಿದೆ. ಕಣ್ಣಿನ ಮೇಲಿನ ಗಾಜಿನಂಥ ಪದರ ಎಲ್ಲಿ ಹರಿದಿದೆಯೋ ಅಲ್ಲಿ ಮಾತ್ರ ಆ ಬಣ್ಣ ಹಸಿರಾಗಿ ಕಚ್ಚಿಕೊಳ್ಳುತ್ತದೆ. ನೀಲಿ ಟಾರ್ಚಿನಲ್ಲಿ ತೊಗರಿಕಾಳಿನಷ್ಟು ಹಸಿರು ಹೊಳೆಯಿತು. ಅಂಚು ನೀಟಾಗಿರಲಿಲ್ಲ, ಹತ್ತಿಯ ಎಳೆ ಅಂಟಿದ ಹಾಗಿತ್ತು.

"ಏನು ಡ್ರಾಪ್ಸ್ ಹಾಕಿದ್ರಿ?"

"ಏನೂ ಇಲ್ಲ. ಬರೀ ನೀರಲ್ಲಿ ಒರೆಸಿದೆ."

ಬರೀ ನೀರಿಗೆ ಹುಣ್ಣು ಇಷ್ಟು ಬೇಗ ಆಳಕ್ಕೆ ಇಳಿಯುವುದಿಲ್ಲ. ಮತ್ತೆ ಕೇಳಿದೆ, ಅದೇ ಉತ್ತರ. ಅಷ್ಟರಲ್ಲಿ ಅವರ ಹೆಂಡತಿ ಜಹನಾರಾ ಚಾಚಿ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಪುಟ್ಟ ಬಾಟಲಿ ಹಿಡಿದು ಬಂದರು.

"ಕಣ್ಣು ಮೇಲೆತ್ತಿ, ನಿಮ್ಮ ಟೈಮ್ ಆಯ್ತು," ಎಂದು ಗಂಡನ ಗದ್ದ ಹಿಡಿದರು. ನನ್ನ ಕಡೆ ತಿರುಗಿ, "ಪೊರೆ ಆಪರೇಷನ್ ಆಗಿ ಒಂದು ತಿಂಗಳೂ ಆಗಿಲ್ಲ. ಕಣ್ಣು ಬಂದ ಮೇಲೆ ಮೊದಲು ನೋಡೋಕೆ ಓಡಿದ್ದು ಕುದುರೆ ಮುಖ. ನನ್ನ ಮುಖ ಮಾರನೇ ದಿನ ನೋಡಿದ್ರು."

"ನಿನ್ನ ಮುಖ ಕಣ್ಣಿಲ್ಲದೇ ಇದ್ದಾಗ್ಲೂ ಕಾಣ್ತಿತ್ತು," ಅಂದರು ಚಾಚಾ.

"ಮಾತಿಗೇನು. ಡಾಕ್ಟರಮ್ಮ, ತಿಂಗಳಿಗೆ ಬರಬೇಕಾದ ಬಾಟಲಿ ಹತ್ತು ದಿನಕ್ಕೆ ಖಾಲಿ. ಇದು ಮೂರನೇದು. ಕುಡೀತಾರಾ ಏನು, ಗೊತ್ತಿಲ್ಲ."

ಬಾಟಲಿ ಕೇಳಿ ಪಡೆದು ಓದಿದೆ. ಸ್ಟೀರಾಯ್ಡ್. ಆಪರೇಷನ್ ಆದ ಮನುಷ್ಯನ ಕಣ್ಣಿಗೆ ಅದು ಒಳ್ಳೆಯ ಔಷಧಿ. ಹುಣ್ಣಾದ ಕಣ್ಣಿನಲ್ಲಿ ಅದೇ ಹನಿ ಕಾವಲುಗಾರರನ್ನು ಮಲಗಿಸಿ ರೋಗಾಣುಗಳಿಗೆ ಬಾಗಿಲು ತೆರೆದಿಡುತ್ತದೆ.

ಬಾಟಲಿ ಕೈಯಲ್ಲೇ ಹಿಡಿದು ಚಾಚಾರನ್ನು ನೋಡಿದೆ. ಅವರು ಬಿಜ್ಲಿಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತರು.

"ನನಗೆ ಎರಡು ಹನಿ, ಅವಳಿಗೆ ಎರಡು ಹನಿ," ಅಂದರು ಆಮೇಲೆ. "ನನ್ನ ಕಣ್ಣು ಇದ್ರಿಂದಾನೇ ತಿಳಿ ಆಯ್ತಲ್ಲ, ಅವಳಿಗೂ ಆಗ್ಲಿ ಅಂತ."

ಚಾಚಿ ಚಹಾದ ಲೋಟವನ್ನು ಗೋಡೆಯ ಮೇಲಿಟ್ಟರು. ಈ ಹನಿ ಇನ್ನು ಚಾಚಾರ ಕಣ್ಣಿಗೆ ಮಾತ್ರ ಎಂದು ನಾನು ಹೇಳಿದಾಗ, ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡರು.

ಕಣ್ಣನ್ನು ಮರಗಟ್ಟಿಸಿ ಹುಣ್ಣಿನ ಅಂಚನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಗೆ ಸವರಿಕೊಂಡು ಕ್ಲಿನಿಕ್ಕಿಗೆ ಹೋದೆ. ಮೈಕ್ರೋಸ್ಕೋಪಿನಲ್ಲಿ ಕವಲೊಡೆದ ಎಳೆಗಳು, ಬರಿದಾದ ಮರದ ಕೊಂಬೆಗಳ ಹಾಗೆ. ಬೂಸ್ಟು. ಒಣಹುಲ್ಲಿನಲ್ಲಿ ಯಾವಾಗಲೂ ಇರುವಂಥದ್ದು. ಕಾಗದದ ಚೂರು ಮಾಡಿದ ಗಾಯದಲ್ಲಿ ಬೇರು ಬಿಟ್ಟು, ಸ್ಟೀರಾಯ್ಡ್‌ನ ನೆರಳಲ್ಲಿ ಸೊಂಪಾಗಿ ಬೆಳೆದಿತ್ತು.

ವೆಂಕಟಸ್ವಾಮಿ ಸರ್ ಒಂದೇ ಸಲ ನೋಡಿದರು. "ಕಣ್ಣು ತೆಗೆದ್ಬಿಡೋಣ ಹಂಸ. ಇನ್ನೊಂದು ಪದರ ಹೋದ್ರೆ ಒಡೆದೇ ಹೋಗುತ್ತೆ. ಅವಳಿಗೂ ನೋವು ತಪ್ಪುತ್ತೆ."

"ಇಪ್ಪತ್ತೊಂದು ದಿನ ಕೊಡಿ ಸರ್. ಹಸಿರು ಕಚ್ಚದ ಹಾಗೆ ಮಾಡ್ತೀನಿ."

"ಎರಡು ಗಂಟೆಗೊಂದು ಸಲ ಔಷಧಿ ಬೀಳ್ಬೇಕು. ಯಾರು ಹಾಕ್ತಾರೆ? ಅವಳು ಹತ್ತಿರ ಸೇರಿಸ್ತಾಳಾ?"

"ಕಣ್ಣಿನ ಹತ್ತಿರ ಯಾರೂ ಹೋಗಲ್ಲ. ರೆಪ್ಪೆಯೊಳಗೆ ನಳಿಗೆ ಕೂರಿಸ್ತೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ಏಳನೇ ದಿನ ನಾನೇ ಬಂದು ನೋಡ್ತೀನಿ. ಕೂದಲೆಳೆಯಷ್ಟು ಆಳ ಹೋಗಿದ್ರೂ ಕಣ್ಣು ತೆಗೀತೀವಿ. ಆಗ ವಾದ ಮಾಡ್ಬಾರ್ದು."

ಮಂಗಳವಾರ ಶಫಿ ಚಾಚಾರಿಗೂ ಅದೇ ಮಾತು ಕೊಟ್ಟೆ. ಅವರು ಕೇಳಿದ್ದು ಒಂದೇ: "ನನ್ನ ಕಣ್ಣು ಬಂದು ಅವಳದು ಹೋದ್ರೆ, ನಾನು ಈ ಕಣ್ಣಲ್ಲಿ ಏನನ್ನ ನೋಡ್ಲಿ?"

"ಅವಳನ್ನೇ ನೋಡ್ತೀರಿ ಚಾಚಾ. ಅವಳೂ ನಿಮ್ಮನ್ನ ನೋಡ್ತಾಳೆ."

ಮೇಲಿನ ರೆಪ್ಪೆಯ ಮೂಲಕ ನೂಲಿನಂಥ ನಳಿಗೆಯನ್ನು ಹೊರಗೆ ಎಳೆದೆ. ಅದರ ಒಳತುದಿಯಲ್ಲಿ ಮೆತ್ತನೆಯ ಪುಟ್ಟ ಬಿಲ್ಲೆ. ಅದು ರೆಪ್ಪೆಯ ಕೆಳಗೆ ಉಳಿದುಕೊಳ್ಳುತ್ತದೆ. ಹಣೆಯ ಮೇಲೆ ಎರಡು ಹೊಲಿಗೆ. ಅಲ್ಲಿಂದ ಕತ್ತಿನ ಕೂದಲಿಗುಂಟ ನಳಿಗೆಯನ್ನು ಹೆಗಲವರೆಗೆ ತಂದು, ಹೊರತುದಿಯನ್ನು ಐಸ್‌ಕ್ರೀಂ ಕಡ್ಡಿಗೆ ಅಂಟಿಸಿದೆ. ಹೆಗಲ ಹತ್ತಿರ ನಿಂತು ಸಿರಿಂಜಿನಲ್ಲಿ ಒಂದು ಹನಿ ಔಷಧಿ ತಳ್ಳಿ, ಹಿಂದಿನಿಂದ ನಿಧಾನವಾಗಿ ಗಾಳಿ ತಳ್ಳಿದರೆ, ಹನಿ ಅಷ್ಟು ದೂರ ಪ್ರಯಾಣ ಮಾಡಿ ಕಣ್ಣಿಗೆ ಇಳಿಯುತ್ತದೆ. ಕೂದಲನ್ನು ಅಲ್ಲಲ್ಲಿ ಹೆಣೆದು ಟೇಪು ಸುತ್ತಿ, ಹೆಮ್ಮೆಯಿಂದ ಮನೆಗೆ ಹೋದೆ.

ಬುಧವಾರ ಬೆಳಿಗ್ಗೆ ನಳಿಗೆ ಕತ್ತಿನಿಂದ ಜೋತಾಡುತ್ತಿತ್ತು. ಬೆವರಿಗೆ ಟೇಪು ಬಿಟ್ಟಿತ್ತು, ಬಿಜ್ಲಿ ಕಂಬಕ್ಕೆ ಉಜ್ಜಿಕೊಂಡಿದ್ದಳು. ಹಣೆಯ ಒಂದು ಹೊಲಿಗೆ ಕಿತ್ತಿತ್ತು. ಇನ್ನೊಂದೂ ಕಿತ್ತಿದ್ದರೆ ಬಿಲ್ಲೆ ಜಾರಿ ಹುಣ್ಣನ್ನೇ ಕೆರೆಯುತ್ತಿತ್ತು.

ಚಾಚಿ ನನ್ನ ಹೆಣಿಗೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದನ್ನ ಯಾರು ಹಾಕಿದ್ದು?"

"ನಾನೇ ಚಾಚಿ."

"ಓಟದ ಪಂದ್ಯ ಮುಗಿಸಿ ಬಂದ ಸ್ಕೂಲ್ ಹುಡುಗಿ ಜಡೆ ಥರ ಇದೆ. ಆ ಕಡೆ ಸರಿಯಮ್ಮ."

ಪ್ರತಿ ಮೆರವಣಿಗೆಗೂ ಬಿಜ್ಲಿಯ ಜಡೆ ಹಾಕುವವರು ಅವರೇ. ಪಟಾಕಿ, ಬ್ಯಾಂಡು, ಕುಣಿಯುವ ನೂರು ಜನ, ಯಾವುದಕ್ಕೂ ಅವರ ಜಡೆ ಬಿಚ್ಚಿಕೊಂಡಿದ್ದಿಲ್ಲವಂತೆ. ಸ್ಟೂಲು ಹತ್ತಿ ನಿಂತು, ಕೂದಲನ್ನು ನೀರಲ್ಲಿ ನೆನೆಸಿ ಬಾಚಿದರು. ಕಿವಿಗಳ ನಡುವಿನಿಂದ ಶುರುಮಾಡಿ, ಪ್ರತಿ ಸುತ್ತಿಗೂ ಪಕ್ಕದಿಂದ ಒಂದೊಂದು ಎಳೆ ಸೇರಿಸಿಕೊಳ್ಳುತ್ತ, ನಡುವೆ ರೇಷ್ಮೆ ದಾರ ಹಾಯಿಸುತ್ತ ಹೆಣೆದರು. ನಳಿಗೆಯನ್ನು ನಾಲ್ಕನೆಯ ಎಳೆಯಾಗಿ ಒಳಗೆ ತೆಗೆದುಕೊಂಡರು.

"ಬಿಗಿ ಮಾಡ್ಬೇಡಿ, ಒಳಗೆ ಹನಿ ನಿಂತುಬಿಡುತ್ತೆ," ಅಂದೆ.

"ಮದುಮಗಳ ಜಡೇಲಿ ಮಲ್ಲಿಗೆ ನಲುಗದ ಹಾಗೆ ಹಾಕ್ತೀನಿ. ಇದೇನು ಮಹಾ."

ಕಿತ್ತ ಹೊಲಿಗೆ ಮತ್ತೆ ಹಾಕಿ, ಹೆಗಲ ಹತ್ತಿರ ಸಿರಿಂಜು ತಳ್ಳಿದೆ. ನಾವು ಮೂವರೂ ಅವಳ ರೆಪ್ಪೆಯನ್ನೇ ನೋಡುತ್ತಿದ್ದೆವು. ಬಿಜ್ಲಿ ಹುಲ್ಲು ಮೇಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಬಲರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು. ಹನಿ ತಲುಪಿತ್ತು.

ಆ ಸಂಜೆ ಅಜ್ಜಿಗೆ ಹೇಳಿದೆ, "ಆ ಕುರಿ ಕಾಯೋ ಹುಡುಗಿ ಹೇಗೆ ಮಾಡಿದ್ಳು ಅಂತ ಗೊತ್ತಾಯ್ತು." ಎಲ್ಲವನ್ನೂ ಕೇಳಿ ಅಜ್ಜಿ ಅಂದಳು, "ಹಂಗಾದ್ರೆ ಅವಳಿಗೆ ಜಡೆ ಹಾಕಾಕೆ ಬರ್ತಿತ್ತು. ನಿಂಗೆ ಹತ್ತು ವರ್ಷ ನಾನೇ ಹಾಕಿದ್ದು."

ಎರಡು ಗಂಟೆಯ ಲೆಕ್ಕವನ್ನು ಮನೆಯವರು ತಮಗೆ ಬೇಕಾದ ಹಾಗೆ ಹೊಂದಿಸಿಕೊಂಡರು. ಐದು ಅಜಾನ್‌ಗೆ ಐದು, ಬೆಳಿಗ್ಗೆ ಚರ್ಚಿನ ಗಂಟೆಗೆ ಒಂದು, ಮಿಕ್ಕಿದ್ದು ಮೊಬೈಲ್ ಅಲಾರಾಂಗೆ. ಬೂಸ್ಟಿನ ಔಷಧಿಯ ಹಿಂದೆಯೇ ಇನ್ನೊಂದು ಹನಿ: ಬಿಜ್ಲಿಯದೇ ರಕ್ತ ತೆಗೆದು, ಕೆಂಪು ತಳಕ್ಕೆ ಇಳಿದ ನಂತರ ಮೇಲೆ ಉಳಿಯುವ ಹಳದಿ ತಿಳಿ. ಹುಣ್ಣಿನ ಸುತ್ತ ಕಣ್ಣಿನ ಪದರ ಕರಗುವುದನ್ನು ಅದು ತಡೆಯುತ್ತದೆ. "ಅವಳ ಕಣ್ಣಿಗೆ ಅವಳೇ ದವಾ," ಎಂದು ಚಾಚಾ ಫ್ರಿಜ್ಜಿನಲ್ಲಿ ಆ ಸೀಸೆಯನ್ನು ಹಾಲಿನ ಪಕ್ಕ ಜೋಪಾನ ಮಾಡಿದರು. ಪಾಪೆ ಹಿಗ್ಗಿಸಿ ನೋವು ಇಳಿಸುವ ಔಷಧಿ ದಿನಕ್ಕೊಮ್ಮೆ. ಅದು ಕರುಳಿನ ಓಟವನ್ನು ನಿಧಾನ ಮಾಡುತ್ತದೆ. ದಿನವೂ ಹೊಟ್ಟೆಗೆ ಸ್ಟೆತಸ್ಕೋಪು ಇಟ್ಟು ಗುಡುಗುಡು ಕೇಳುತ್ತಿದ್ದೆ. ಚಾಚಾ ಮಾತ್ರ ಸ್ಟೆತಸ್ಕೋಪು ಬೇಡವೆಂದು ಕಿವಿಯನ್ನೇ ಒತ್ತಿ ಕೇಳುತ್ತಿದ್ದರು.

ಏಳನೇ ದಿನ ವೆಂಕಟಸ್ವಾಮಿ ಸರ್ ಮಂಡಿ ಹಿಡಿದುಕೊಂಡು ಆಟೋದಿಂದ ಇಳಿದರು. ಬಹಳ ಹೊತ್ತು ಕಣ್ಣು ನೋಡಿದರು. ಆಳ ಮೊದಲಿದ್ದಷ್ಟೇ ಇತ್ತು. ಅಂಚಿನ ಹತ್ತಿಯ ಎಳೆಗಳು ಹೋಗಿದ್ದವು, ಬಿಳಿಯ ಕಡೆಯಿಂದ ಕೆಂಪು ರಕ್ತನಾಳಗಳು ಹುಣ್ಣಿನತ್ತ ಹೊರಟಿದ್ದವು.

"ಕಣ್ಣು ಕೆಂಪಗಾಗಿದೆ, ಜಾಸ್ತಿ ಆಯ್ತಾ ಸರ್?" ಅಂದರು ಚಾಚಾ.

"ಅಲ್ಲಪ್ಪ, ರಿಪೇರಿಯವರು ಬಂದಿದ್ದಾರೆ," ಅಂದರು ಸರ್. ನನಗೆ, "ಮುಂದುವರ್ಸು." ಲಾಯದ ಬಾಗಿಲಲ್ಲಿ ನಿಂತು ಜಡೆಯನ್ನು ಇನ್ನೊಮ್ಮೆ ನೋಡಿದರು. "ಮೂವತ್ತು ವರ್ಷದಲ್ಲಿ ಎಷ್ಟು ನಳಿಗೆ ಕಿತ್ಕೊಂಡು ಹೋಗಿದ್ವೋ. ಈ ಅಮ್ಮನ್ನ ಆಗ್ಲೇ ಹುಡುಕ್ಬೇಕಿತ್ತು."

ಹದಿನಾಲ್ಕನೇ ದಿನ ಹಸಿರು ಸಾಸಿವೆಯಷ್ಟಾಗಿತ್ತು. ಹದಿನೆಂಟನೇ ದಿನ ರೆಪ್ಪೆಗೂದಲು ನೇರವಾಯಿತು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಸ್ಕೂಟರ್ ನಿಲ್ಲಿಸುವಾಗಲೇ ಬಿಜ್ಲಿ ಬಾಗಿಲಿಗೆ ಮುಖ ಮಾಡಿ ನಿಂತಿದ್ದಳು. ಕತ್ತಲಾಗಲೆಂದು ಲಾಯದ ಬಾಗಿಲಿಗೆ ಚಾಚಿ ಚಾದರ ಹಿಡಿದರು. ಈ ಸಲ ಮಂಪರಿನ ಸೂಜಿ ಬೇಕಾಗಲಿಲ್ಲ. ಕಿತ್ತಳೆ ಪಟ್ಟಿ ಒದ್ದೆ ಮಾಡಿ ತಾಗಿಸಿದೆ. ಕಣ್ಣೆಲ್ಲ ಹಸಿರಾಯಿತು.

ಚಾಚಾರ ಮುಖ ಇಳಿಯಿತು. "ಇದೆಯಲ್ಲ, ಹಸಿರು."

"ತಾಳಿ. ತೊಳೀಬೇಕು."

ತಿಳಿನೀರು ಬಿಟ್ಟೆ. ಹಸಿರು ಕಣ್ಣಿನ ಮೂಲೆಗೆ ಹರಿದು, ಬಿಳಿ ಕೆನ್ನೆಯ ಮೇಲೆ ಇಳಿದು, ನೆಲಕ್ಕೆ ತೊಟ್ಟಿಕ್ಕಿತು. ನೀಲಿ ಟಾರ್ಚನ್ನು ಚಾಚಾರ ಕೈಗೇ ಕೊಟ್ಟೆ. ಅವರು ಬಿಜ್ಲಿಯ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಹೋಗಿ, ಹೊಸ ಕಣ್ಣನ್ನು ಕಿರಿದು ಮಾಡಿ ಹುಡುಕಿದರು. ಹುಣ್ಣಿದ್ದಲ್ಲಿ ತೆಳ್ಳಗೆ ಹೊಗೆಯಂಥ ಒಂದು ಕಲೆ ಉಳಿದಿತ್ತು. ಅದು ಉಳಿಯುತ್ತದೆ ಎಂದು ಮೊದಲೇ ಹೇಳಿದ್ದೆ. ಹಸಿರು ಎಲ್ಲೂ ಇರಲಿಲ್ಲ.

"ಇಲ್ಲ," ಅಂದರು. ಮತ್ತೆ ನೋಡಿ, "ಇಲ್ಲ ಜಹನಾರಾ."

ಬಿಜ್ಲಿಯ ಎಡಗಣ್ಣನ್ನು ನಾನು ಅಂಗೈಯಿಂದ ಮುಚ್ಚಿದೆ. ಚಾಚಾ ಒಂದು ಕ್ಯಾರೆಟ್ ಹಿಡಿದು ಸದ್ದಿಲ್ಲದೆ ಬಲಗಡೆಗೆ ಸರಿದರು. ಬಿಜ್ಲಿಯ ಕತ್ತು ಅವರ ಹಿಂದೆಯೇ ತಿರುಗಿತು. ಕ್ಯಾರೆಟ್ ಅವರ ಕೈಯಿಂದ ಹೋಯಿತು.

ಚಾಚಿ ಚಾದರ ಬಿಟ್ಟು ಸ್ಟೂಲು ಹತ್ತಿದರು. ಹೆಗಲಿನಿಂದ ಕಿವಿಯವರೆಗೆ ರೇಷ್ಮೆ ದಾರ ಸುತ್ತುಸುತ್ತಾಗಿ ಬಿಚ್ಚಿಕೊಂಡಿತು. ನಾನು ಹಣೆಯ ಎರಡು ಹೊಲಿಗೆ ಕತ್ತರಿಸಿ ನಳಿಗೆಯನ್ನು ಹೊರಗೆ ತೆಗೆದೆ.