ಬೆಳಕಿಗೆ ಅಡ್ಡ

ರಫೂ ಅಕ್ಕ ಕಪ್ಪು ಕೋಟಿಗೆ ನೀಲಿ ದಾರ ಹಾಕಿದಳು ಅಂದರೆ ಆ ಗಲ್ಲಿಯಲ್ಲಿ ಯಾರೂ ನಂಬುವವರಲ್ಲ. ಆದರೆ ಹಾಕಿದ್ದು ನಿಜ. ಕೋಟಿನ ವಕೀಲರೇ ಅದನ್ನು ತೋಳಿನ ಮೇಲೆ ಹಾಕಿಕೊಂಡು ಬಂದು, ಅವಳನ್ನು ಗಲ್ಲಿಯ ತುದಿಯವರೆಗೆ ಕರೆದುಕೊಂಡು ಹೋದರು. ಗಲ್ಲಿಯಲ್ಲಿ ಬಿಸಿಲು ಸಿಗುತ್ತಿದ್ದುದು ಆ ತುದಿಯಲ್ಲಿ ಮಾತ್ರ.

"ಇಲ್ಲಿ ನೋಡಿ ಅಕ್ಕಾ," ಎಂದು ಮೊಣಕೈಯ ಜಾಗ ಬಿಡಿಸಿ ಹಿಡಿದರು. "ಒಳಗಿದ್ರೆ ಏನೂ ಗೊತ್ತಾಗಲ್ಲ. ಬಿಸಿಲಿಗೆ ಬಂದ ತಕ್ಷಣ ನೀಲಿ ಎದ್ದು ಕಾಣತ್ತೆ. ನಿನ್ನೆ ಕೋರ್ಟಿನ ಹೊರಗೆ ನಮ್ಮ ಕಕ್ಷಿದಾರನಿಗೆ ಧೈರ್ಯ ಹೇಳ್ತಾ ನಿಂತಿದ್ದೆ. ಅವನು ನನ್ನ ಮುಖ ಬಿಟ್ಟು ಮೊಣಕೈಯನ್ನೇ ನೋಡ್ತಿದ್ದ. ಪಾಪ, ಇವರ ಕೋಟೇ ಹೀಗಿದ್ರೆ ನನ್ನ ಕೇಸಿನ ಗತಿ ಏನು ಅಂದ್ಕೊಂಡ್ನೋ ಏನೋ!"

ಅವರು ನಗುತ್ತಲೇ ಹೇಳಿದ್ದು. ಬೈದಿದ್ದರೆ ವಾಸಿಯಿತ್ತು. ರಫೂ ಅಕ್ಕ ಕೋಟನ್ನು ಇಸಿದುಕೊಂಡು, "ಬಿಚ್ಚಿ ಮತ್ತೆ ಹಾಕಿಕೊಡ್ತೀನಿ," ಎಂದಷ್ಟೇ ಹೇಳಿ ತಲೆ ತಗ್ಗಿಸಿ ಮನೆಗೆ ಬಂದಳು.

ತೇಪೆ ಹಾಕುವುದಕ್ಕೂ ರಫೂ ಹಾಕುವುದಕ್ಕೂ ಅಜಗಜಾಂತರ. ತೇಪೆ ಎಲ್ಲರಿಗೂ ಕಾಣುತ್ತದೆ. ರಫೂ ಅಂದರೆ ಹರಿದ ಜಾಗದಲ್ಲಿ ಎಳೆಗೆ ಎಳೆ ಕೂಡಿಸಿ ನೇಯ್ದು, ಹರಿದದ್ದು ಎಲ್ಲಿ ಎಂದು ಬಟ್ಟೆ ಕೊಟ್ಟವರೇ ಹುಡುಕಾಡುವಂತೆ ಮಾಡುವುದು. ಅದಕ್ಕೆ ಎರಡು ಬೇಕು: ನಡುಗದ ಕೈ, ಬಣ್ಣ ಹಿಡಿಯುವ ಕಣ್ಣು. ಅವಳ ಕೈ ಈಗಲೂ ಚೆನ್ನಾಗಿತ್ತು. ಬಣ್ಣದ ಕಣ್ಣು ಮಾತ್ರ ಅವಳಿಗೆ ಯಾವತ್ತೂ ಇರಲಿಲ್ಲ. ಅದು ಇದ್ದದ್ದು ಗೋಡೆಯಾಚೆಯವಳಿಗೆ, ಅವಳ ಓರಗಿತ್ತಿಗೆ.

ಮನೆ ಇಬ್ಭಾಗವಾಗುವ ಮೊದಲು ಅದೊಂದೇ ಉದ್ದನೆಯ ಮನೆ. ಹಿಂದಿನ ಗೋಡೆಗೆ ದೊಡ್ಡ ಕಿಟಕಿ, ಅದರಾಚೆ ಹಿತ್ತಲು, ಬೆಳಿಗ್ಗೆಯಿಂದಲೇ ಧಾರಾಳ ಬೆಳಕು. ಅಣ್ಣನ ಹೆಂಡತಿ, ತಮ್ಮನ ಹೆಂಡತಿ ಇಬ್ಬರೂ ಮನೆಗೆಲಸ ಮುಗಿಸಿ ಆ ಕಿಟಕಿಯೆದುರು ಚಾಪೆ ಹಾಕಿ ಕೂರುತ್ತಿದ್ದರು. ದೊಡ್ಡವಳು ಸೂಜಿ ಹಿಡಿದರೆ, ಚಿಕ್ಕವಳು ದಾರದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಬಟ್ಟೆಯನ್ನು ಒಮ್ಮೆ ನೋಡಿ, ಸರಿಯಾದ ಎಳೆಯನ್ನು ಹೆಕ್ಕಿ ಕೊಡುತ್ತಿದ್ದಳು. ಕಪ್ಪಿನಲ್ಲೇ ಎಷ್ಟು ಕಪ್ಪು ಇದೆ ಎಂದು ಅವಳಿಂದ ಕೇಳಬೇಕಿತ್ತು. ಒಗೆದು ಒಗೆದು ಕಂದಿದ ಕಪ್ಪು, ಇಸ್ತ್ರಿಯಲ್ಲಿ ಸುಟ್ಟು ಹೊಳೆಯುವ ಕಪ್ಪು, ಒಳಗೆ ಹಸಿರು ಅಡಗಿಸಿಕೊಂಡ ಕಪ್ಪು. ಅವಳಿಗೊಂದು ಕೆಟ್ಟ ಅಭ್ಯಾಸವಿತ್ತು. ಕೊಟ್ಟ ಎಳೆ ಹೇಗೆ ಕೂತಿದೆ ಎಂದು ನೋಡಲು ಬಗ್ಗಿ ಬಗ್ಗಿ ತಲೆಯನ್ನೇ ತೂರಿಸಿಬಿಡುವಳು. ಅವಳ ದಪ್ಪ ತುರುಬಿನ ನೆರಳು ಸೀದಾ ಸೂಜಿಯ ಮೇಲೆ.

"ಬೆಳಕಿಗೆ ಅಡ್ಡ ಬರಬೇಡ್ವೇ ಮಾರಾಯ್ತಿ!"

"ಸರೀಲಾ?"

"ಇನ್ನೇನು, ನಿಂಗೆ ಅರ್ಜಿ ಬರೆದು ಕೊಡ್ಬೇಕಾ? ಸರಿ ಆಚೆ!"

ದಿನಕ್ಕೆ ಅದೆಷ್ಟು ಸಲವೋ. ಇಬ್ಬರಿಗೂ ಬೇಜಾರಾಗುತ್ತಿರಲಿಲ್ಲ.

ಆಮೇಲೆ ಅಣ್ಣತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆಯಿತು. ಯಾವ ಮಾತಿಗೆ ಯಾವ ಮಾತು ಬೆಳೆಯಿತು ಎಂದು ಈಗ ಕೇಳಿದರೆ ಅವರಿಗೂ ನೆನಪಿರಲಿಕ್ಕಿಲ್ಲ. ರಫೂ ಅಕ್ಕನಿಗೆ ನೆನಪಿದ್ದದ್ದು ಒಂದೇ. ಆ ಗಲಾಟೆಯಲ್ಲಿ ಮೈದುನ ತನ್ನನ್ನು ಬಾಯಿಗೆ ಬಂದಂತೆ ಅಂದಾಗ ಚಿಕ್ಕವಳು ತನ್ನ ಪರವಾಗಿ ಒಂದು ಮಾತೂ ಆಡದೆ ಬಾಗಿಲ ಹಿಂದೆ ಮೂಕಿಯಂತೆ ನಿಂತಿದ್ದಳು. ಅದೇ ಸಿಟ್ಟಿನಲ್ಲಿ ಪಾಲು ಮಾಡುವಾಗ, "ಬೀದಿ ಬಾಗಿಲು ನಂಗಿರಲಿ, ಗಿರಾಕಿ ಬರ್ತಾರೆ. ಕಿಟಕಿ ನೀನೇ ಇಟ್ಕೋ. ಇನ್ನು ಸಾಯೋವರೆಗೂ ನಿನ್ನ ಮುಖ ನೋಡಲ್ಲ," ಎಂದುಬಿಟ್ಟು ತವರಿಗೆ ಹೋಗಿ ಕೂತಳು. ತಿರುಗಿ ಬರುವಷ್ಟರಲ್ಲಿ ನಡುಮನೆಯಲ್ಲಿ ಗೋಡೆ ಎದ್ದಿತ್ತು. ಆಗ ಅವಳ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ.

ಮೊದಲಿಗೆ ಬೀದಿ ಕಡೆಯ ಸಣ್ಣ ಕಿಟಕಿಯಿಂದಲೇ ಹೇಗೋ ಸುಧಾರಿಸಿದಳು. ಎದುರುಮನೆಯವರು ಮಹಡಿಯ ಮೇಲೆ ಮಹಡಿ ಕಟ್ಟುತ್ತ ಹೋದ ಮೇಲೆ ಅದಕ್ಕೂ ಕಲ್ಲು ಬಿತ್ತು. ತಲೆಯ ಮೇಲೆ ಬಾಡಿಗೆದಾರರು, ಆದ್ದರಿಂದ ಚಾವಣಿ ಕೊರೆಯುವ ಹಾಗಿಲ್ಲ. ಗೋಡೆಗಳಿಗೆ ಅಚ್ಚ ಬಿಳಿ ಬಣ್ಣ ಬಳಿಸಿದಳು. ಮನೆ ಆಸ್ಪತ್ರೆಯ ಹಾಗೆ ಆಯಿತೇ ಹೊರತು ಬೆಳಕಾಗಲಿಲ್ಲ. ಅವಳ ಗಂಡ ಎಲ್ಲಿಂದಲೋ ದೊಡ್ಡ ಕನ್ನಡಿ ತಂದು, ಬಿಸಿಲನ್ನು ಒಳಗೆ ಕಳಿಸುತ್ತೇನೆಂದು ಕಿಟಕಿಯ ಹೊರಗೆ ಓರೆಯಾಗಿ ಕಟ್ಟಿದ. ಬಿಸಿಲು ಬರಲಿಲ್ಲ. ಗಲ್ಲಿಯಲ್ಲಿ ಹೋಗುವವರೆಲ್ಲ ಅಲ್ಲಿ ನಿಂತು ತಲೆ ಬಾಚಿಕೊಳ್ಳತೊಡಗಿದರು. ಕೊನೆಗೆ ಟ್ಯೂಬ್‌ಲೈಟೇ ಗತಿಯಾಯಿತು. ಟ್ಯೂಬ್‌ಲೈಟಿನಡಿ ಕಡುನೀಲಿಯೂ ಕಪ್ಪೇ, ಕಂದೂ ಕಪ್ಪೇ. ಬಟ್ಟೆ, ದಾರ ಎರಡನ್ನೂ ಹಿಡಿದುಕೊಂಡು ಅವಳು ಗಲ್ಲಿಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ಬಸ್ಸಿಗೆ ಕಾಯುತ್ತಿದ್ದಾಳೆ ಎಂದುಕೊಂಡು ಆಟೋದವರು ಕೇಳಿಹೋಗುವರು. ವಕೀಲರ ಕೋಟಿನ ದಿನ ಮೊಣಕಾಲು ನೋಯುತ್ತಿತ್ತು, ಹೋಗಲಿಲ್ಲ. ಅಷ್ಟೇ.

ಕೋಟನ್ನು ಮಡಿಲಲ್ಲಿಟ್ಟುಕೊಂಡು ಅವಳು ಬಹಳ ಹೊತ್ತು ಕೂತಿದ್ದಳು. ಮೂಗಿನ ತುದಿಯವರೆಗೆ ತಂದರೂ ಎರಡು ಉಂಡೆ ದಾರಗಳಲ್ಲಿ ಕಪ್ಪು ಯಾವುದೆಂದು ಹೊಳೆಯಲಿಲ್ಲ. ಚಿಕ್ಕವಳಿದ್ದಿದ್ದರೆ ಎಂದುಕೊಂಡಳು. ಅದು ಅವಳು ದಿನಕ್ಕೊಮ್ಮೆಯಾದರೂ ಅಂದುಕೊಳ್ಳುತ್ತಿದ್ದ, ಯಾರಿಗೂ ಹೇಳದ ಮಾತು. ಆ ಕಡೆಯಿಂದ ಪಾತ್ರೆ ಬಿದ್ದ ಸದ್ದಾದರೆ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಕೆಮ್ಮು ಕೇಳಿದರೆ, ತಂಡಿ ಹಿಡಿದಿದೆ, ಬಿಸಿನೀರು ಕುಡಿಯಲಾರಳೇ ಎಂದು ಮನಸ್ಸಿನಲ್ಲೇ ಗದರುತ್ತಿದ್ದಳು.

ಸಂಜೆ ಗಂಡ ಬಂದಾಗ ಗೋಡೆಯ ಕಡೆ ಕೈ ತೋರಿಸಿ ಕೇಳಿಯೇಬಿಟ್ಟಳು.

"ರೀ, ಈ ಗೋಡೇಲಿ ಒಂದು ಕಿಟಕಿ ಒಡೆಸಿದ್ರೆ ಹೇಗೆ? ಆ ಕಡೆ ಬೆಳಕಿದೆ."

ಗಂಡ ಹಾರಾಡುತ್ತಾನೆ ಎಂದುಕೊಂಡಿದ್ದಳು. ಅವನು ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ಆಯ್ತು, ನಾಳೆ ತಮ್ಮನ್ನ ಕೇಳ್ತೀನಿ."

"ಯಾವ ತಮ್ಮನ್ನ?"

"ನಂಗೆ ಎಷ್ಟು ಜನ ತಮ್ಮಂದಿರಿದ್ದಾರೆ?"

"ಅವನ ಹತ್ರ ಮಾತು ಬಿಟ್ಟಿದ್ರಲ್ರೀ!"

ಅವನು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದ. "ಅದು ಆವಾಗ. ಬೆಳಿಗ್ಗೆ ಹೊತ್ತು ಮೂಲೆ ಅಂಗಡೀಲಿ ಇಬ್ರೂ ಟೀ ಕುಡೀತೀವಿ. ಮೊದಲು ಬೇರೆ ಬೇರೆ ಬೆಂಚಲ್ಲಿ ಕೂರ್ತಿದ್ವಿ. ಒಂದಿನ ಜೋರು ಮಳೆ ಬಂತು. ಸೋರದೇ ಇದ್ದ ಬೆಂಚು ಒಂದೇ."

"ಯಾವಾಗ್ರೀ ಇದು?"

"ಆಗ್ಲೇ ಬಹಳ ವರ್ಷ ಆಯ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀವಿಬ್ರೂ ಮಾತಾಡ್ತಿರ್ಲಿಲ್ವಲ್ಲ. ಹೇಳಿದ್ರೆ ನಂಗೆ ಊಟ ಸಿಗ್ತಿತ್ತಾ?"

ರಫೂ ಅಕ್ಕನಿಗೆ ಸಿಟ್ಟು ಬಂತು, ನಗುವೂ ಬಂತು. ಗಂಡಸರಿಬ್ಬರು ಒಂದು ಮಳೆಗೆ ಒಂದೇ ಬೆಂಚಿಗೆ ಬಂದು ಕೂತಿದ್ದರು. ಹಾಗಾದರೆ ಇಷ್ಟು ವರ್ಷ ಈ ಗೋಡೆ ನಿಂತದ್ದು ಬರೀ ತನ್ನ ಆ ಒಂದು ಮಾತಿನ ಮೇಲೆ.

ಮರುದಿನ ಗಂಡ ಟೀ ಕುಡಿದು ಬರುವುದನ್ನೇ ಬಾಗಿಲಲ್ಲಿ ಕಾದಳು. "ಏನಂದಳಂತೆ?"

"ಬೇಕಾದ್ರೆ ಮಾಡಿಸ್ಕೊಳ್ಳಲಿ ಅಂದಳಂತೆ. ಆದ್ರೆ ಮೇಲೆ ಒಡೆಸೋದು ಬೇಡ, ಕೆಳಗೆ ತಟ್ಟಿ ನೋಡಲಿ ಅಂದಳಂತೆ."

"ಕೆಳಗೆ? ನೆಲದ ಹತ್ರ ಯಾರಾದ್ರೂ ಕಿಟಕಿ ಇಡ್ತಾರಾ?" ಅವಳ ಮುಖ ಕೆಂಪಾಯಿತು. "ಬೆಳಕು ಕೊಟ್ಟ ಹಾಗೂ ಇರ್ಬೇಕು, ಕೊಡದ ಹಾಗೂ ಇರ್ಬೇಕು. ಅಷ್ಟು ಸೇಡಿದೆಯಾ ಅವಳಿಗೆ!" ಕೈಯಲ್ಲಿದ್ದ ಪಾತ್ರೆಯನ್ನು ಬೇಕಂತಲೇ ಸದ್ದಾಗುವಂತೆ ಕುಕ್ಕಿದಳು. ಸ್ವಲ್ಪ ಹೊತ್ತಿನ ಮೇಲೆ ಬೇರೆ ದನಿಯಲ್ಲಿ, "ನಾನು ಹೇಗಿದ್ದೀನಿ ಅಂತ ಏನಾದ್ರೂ ಕೇಳಿದ್ಳಂತಾ?" ಎಂದಳು.

"ಇಲ್ಲ. ಅಷ್ಟೇ ಅಂದಿದ್ದು."

ಬೇಡವೇ ಬೇಡ ಎಂದು ಬಿಟ್ಟುಬಿಡಬೇಕೆನಿಸಿತು. ಆದರೆ ಗೂಟದಲ್ಲಿ ವಕೀಲರ ಕೋಟು ತೂಗಾಡುತ್ತಿತ್ತು. ಕಪ್ಪು ಯಾವುದು ನೀಲಿ ಯಾವುದು ಎಂದು ಗೊತ್ತಾಗದ ಮೇಲೆ ಅವಳು ಇನ್ಯಾವ ರಫೂ ಅಕ್ಕ? ಗಾರೆ ಮೇಸ್ತ್ರಿಗೆ ಹೇಳಿಕಳಿಸಿದಳು.

ಮೇಸ್ತ್ರಿ ಬಾಯಿ ಸುಮ್ಮನಿರದ ಮನುಷ್ಯ. ಗೋಡೆಗೆ ಒತ್ತಿ ಇಟ್ಟಿದ್ದ ಕಬ್ಬಿಣದ ಬೀರುವನ್ನು ಗಂಡನೂ ಅವನೂ ಸೇರಿ ಸರಿಸಿದರು. ಗೋಡೆ ಎದ್ದಾಗ ರಫೂ ಅಕ್ಕ ಹಟದಿಂದ ಅಲ್ಲಿಗೆ ತಳ್ಳಿಸಿದ್ದ ಬೀರು ಅದು. ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಮೇಲಿನಿಂದ ತಟ್ಟುತ್ತ ತಟ್ಟುತ್ತ ಬಂದ. ಎದೆಯೆತ್ತರದವರೆಗೂ ಒಂದೇ ಸದ್ದು. ಅದಕ್ಕಿಂತ ಕೆಳಗೆ ಸದ್ದು ಬದಲಾಯಿತು. ಅವನು ಕುಕ್ಕರುಗಾಲಿನಲ್ಲಿ ಕೂತು ಗಾರೆಯನ್ನು ಸ್ವಲ್ಪ ಕೆರೆದ.

"ಇದೇನಮ್ಮಾ ಇದು? ಇಲ್ಲಿ ಲಿಂಟಲ್ ಇದೆ!"

"ಅಂದ್ರೆ?"

"ಕಿಟಕಿ ಬಾಗಿಲ ಮೇಲೆ ಗೋಡೆ ಭಾರ ಹೊರೋಕೆ ಅಡ್ಡ ಹಾಕ್ತೀವಲ್ಲ, ಆ ಕಾಂಕ್ರೀಟು ಹಲಗೆ. ಸುಮ್ಸುಮ್ನೆ ಯಾರೂ ಹಾಕಲ್ಲ ಇದನ್ನ. ಮುಂದೊಂದಿನ ಇಲ್ಲಿ ತೆಗೀಬಹುದು ಅಂತಾನೇ ಹಾಕಿಸಿರೋದು. ನೋಡಿ, ಇದರ ಕೆಳಗಿನ ಇಟ್ಟಿಗೆಗೆ ಸಿಮೆಂಟೂ ಇಲ್ಲ, ಬರೀ ಮಣ್ಣು. ಕೈಯಲ್ಲೇ ಬಿಚ್ಚಬಹುದು." ಅವನು ಎರಡೂ ಬದಿ ಅಳತೆ ಹಿಡಿದು ತಲೆ ಕೆರೆದುಕೊಂಡ. "ಆದ್ರೆ ಇಷ್ಟು ಕೆಳಗೆ ಯಾಕೆ? ನಿಂತೋರಿಗೆ ಮೊಣಕಾಲು ಬಿಟ್ರೆ ಏನೂ ಕಾಣಲ್ಲ. ಬೆಕ್ಕು ಸಾಕಿದ್ರಾ?"

ಗಂಡ ನಕ್ಕ. ರಫೂ ಅಕ್ಕ ನಗಲಿಲ್ಲ. ಅವಳು ನಿಧಾನವಾಗಿ ನೆಲಕ್ಕೆ ಕೂತಳು, ಕಾಲು ಮಡಚಿ, ಕೆಲಸಕ್ಕೆ ಕೂರುವ ಹಾಗೆಯೇ. ಲಿಂಟಲಿನ ಕೆಳಅಂಚು ಅವಳ ತಲೆಗಿಂತ ಒಂದು ಗೇಣು ಮೇಲಿತ್ತು. ಮಣ್ಣಿನಲ್ಲಿ ಕೂಡಿಸಿದ ಇಟ್ಟಿಗೆಗಳು ಮುಗಿದದ್ದು ಸರಿಯಾಗಿ ಅವಳ ಮಡಿಲಿನ ಮಟ್ಟಕ್ಕೆ.

ನಿಂತವರಿಗೆ ಅಲ್ಲ. ಅದು ಕೂತವರಿಗೆ ಇಟ್ಟ ಕಿಟಕಿ. ತಾನು ತವರಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಗ, ಗಂಡಸರ ಕಣ್ಣು ತಪ್ಪಿಸಿ, ಗಾರೆಯವನ ಎದುರು ಇಲ್ಲಿ ಹೀಗೆ ಕೂತು ತೋರಿಸಿ ಅಳತೆ ಕೊಟ್ಟಿರಬಹುದಾದವಳು ಒಬ್ಬಳೇ, ಚಿಕ್ಕವಳು. ಗಲಾಟೆಯ ದಿನ ಅವಳಿಗೆ ಬಾಯಿ ಬರಲಿಲ್ಲ, ನಿಜ. ಬಾಯಲ್ಲಿ ಆಡಲಾಗದ್ದನ್ನು ಗೋಡೆಯೊಳಗೆ ಇಡಿಸಿದ್ದಳು. ಅದಕ್ಕೆ ಅಡ್ಡವಾಗಿ ತಾನು ಬೀರು ತಳ್ಳಿಸಿದ್ದಳು. ರಫೂ ಅಕ್ಕನ ಕಣ್ಣಿಂದ ನೀರು ಇಳಿಯಿತು. ಮೇಸ್ತ್ರಿ ಗಾಬರಿಯಾಗಿ, ಬೆಕ್ಕಿನ ಮಾತು ತಪ್ಪಾಯಿತೇನೋ ಎಂದು ಗಂಡನ ಮುಖ ನೋಡಿದ.

"ಉಳಿ ಬೇಡ. ಕೈಯಲ್ಲೇ ಬಿಚ್ಚಿ," ಎಂದಳು.

ಗೂಟದ ಕೋಟನ್ನೂ ದಾರದುಂಡೆಗಳನ್ನೂ ಗಂಡನಿಂದ ಇಸಿದುಕೊಂಡು ಮಡಿಲಿಗೆ ಹಾಕಿಕೊಂಡಳು. ಒಂದೊಂದೇ ಇಟ್ಟಿಗೆ ಈಚೆ ಬಂತು. ಆ ಕಡೆಯ ಗಾರೆಯ ತೆಳು ಪದರ ಮಾತ್ರ ಉಳಿಯಿತು. ಮೇಸ್ತ್ರಿ ಕೈಯೆತ್ತುವ ಮೊದಲೇ ಅದು ಆ ಕಡೆಯಿಂದಲೇ ಬಿರಿಯಿತು. ಯಾರೋ ಅಲ್ಲಿ ಕೂತು ಚೂರು ಚೂರಾಗಿ ಕೀಳುತ್ತಿದ್ದರು. ಮೊದಲು ಒಂದು ಗೆರೆ ಬೆಳಕು ಬಂತು, ಆಮೇಲೆ ಒಂದು ಹಿಡಿ, ಆಮೇಲೆ ಹಿತ್ತಲ ಕಿಟಕಿಯ ಬಿಸಿಲೆಲ್ಲ ಒಟ್ಟಿಗೆ ನುಗ್ಗಿ ಅವಳ ಮಡಿಲಿನ ಮೇಲೆ, ಕೋಟಿನ ಮೇಲೆ, ದಾರದುಂಡೆಗಳ ಮೇಲೆ ಬಿತ್ತು. ಗಾರೆಯ ಧೂಳು ಅದರಲ್ಲಿ ತೇಲಾಡಿತು. ಅವಳು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಆ ತೆರಪಿನ ತುಂಬ ಒಂದು ತಲೆ ತೂರಿಬಂದು ಕೋಣೆ ಮತ್ತೆ ಕತ್ತಲಾಯಿತು.

ತುರುಬು ಸಣ್ಣದಾಗಿತ್ತು, ಬೆಳ್ಳಗಾಗಿತ್ತು. ಹುಬ್ಬಿನ ಮೇಲೆಲ್ಲ ಸುಣ್ಣದ ಪುಡಿ.

"ನೀನು ಈ ಗೋಡೆಗೆ ಮೊಳೆ ಹೊಡೆದಾಗೆಲ್ಲ," ಎಂದು ಚಿಕ್ಕವಳು ಶುರು ಮಾಡಿದಳು, ನಮಸ್ಕಾರವಿಲ್ಲ, ಕ್ಷೇಮವಿಲ್ಲ, "ಇವತ್ತು ಒಡೀತಾಳೆ, ಇವತ್ತು ಒಡೀತಾಳೆ ಅಂತ ಓಡಿ ಬಂದು ಇಲ್ಲಿ ಕೂರ್ತಿದ್ದೆ ಅಕ್ಕಾ. ನೀನು ನೋಡಿದ್ರೆ ಕ್ಯಾಲೆಂಡರ್ ತೂಗುಹಾಕಿ ಹೋಗ್ತಿದ್ದೆ."

"ನೀನೇ ಒಡೀಬಹುದಿತ್ತಲ್ಲೇ!"

"ಮುಖ ನೋಡಲ್ಲ ಅಂದೋಳು ನೀನು. ನಾನು ಹೇಗೆ ಒಡೀಲಿ?"

ರಫೂ ಅಕ್ಕ ಎರಡೂ ದಾರದುಂಡೆಗಳನ್ನು ಎತ್ತಿ ಅವಳೆದುರು ಹಿಡಿದಳು.

ಚಿಕ್ಕವಳು ತನ್ನ ತಲೆಯ ಪಕ್ಕದಿಂದ ಇಣುಕಿದ ಬೆಳಕಿಗೆ ಒಮ್ಮೆ ನೋಡಿದಳು. "ಎಡಗೈಲಿರೋದು ಕಪ್ಪು. ಇನ್ನೊಂದು ನೀಲಿ. ಅಷ್ಟೂ ಗೊತ್ತಾಗಲ್ವಾ?" ಎಂದವಳು, ಅಕ್ಕನ ಮಡಿಲು ನೆರಳಾಗಿರುವುದನ್ನು ಆಗಷ್ಟೇ ಗಮನಿಸಿ, ಹಳೆಯ ದನಿಯಲ್ಲಿ ಕೇಳಿದಳು.

"ಬೆಳಕಿಗೆ ಅಡ್ಡ ಬಂದೆ ಅಲ್ವಾ. ಸರೀಲಾ?"

"ಬೇಡ," ಎಂದಳು ರಫೂ ಅಕ್ಕ. "ಅಡ್ಡಾನೇ ಇರು."