ಕಲ್ಯಾಣಿಯ ಸಾಕ್ಷಿ

ನಮ್ಮ ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಏಳು ಮಾತುಗಳಿವೆ. ಮೇಲೆ ದಪ್ಪಕ್ಷರದಲ್ಲಿ ‘ನಮ್ಮ ನಂಬಿಕೆಗಳು’ ಎಂದಿದೆ. ಬಣ್ಣದಲ್ಲಿ ಬರೆದವನು ದೇವದುರ್ಗದ ಬಸ್ ನಿಲ್ದಾಣದ ಹತ್ತಿರ ಬೋರ್ಡು ಬರೆಯುವ ವಲಿ ಪಾಷಾ. ಮಾತುಗಳನ್ನು ತಿದ್ದಿ ಕೊಟ್ಟವಳು ನಾನು, ಆದೆಮ್ಮ. ಮೂವತ್ತೊಂದು ವರ್ಷ ಶಾಲೆಯ ಮಕ್ಕಳ ಕಾಪಿ ತಿದ್ದಿದ ಕೈ ಇದು, ನಿವೃತ್ತಿಯಾದರೂ ಸುಮ್ಮನಿರುವುದಿಲ್ಲ. ಮೂರನೆಯ ಮಾತು: ಸಭೆಯ ಮುಂದೆ ನುಡಿದ ಸಾಕ್ಷಿ ದೇವರ ಮುಂದೆ ನುಡಿದದ್ದು, ಅದರಲ್ಲಿ ಸುಳ್ಳು ಸಲ್ಲದು. ಐದನೆಯದು: ಕರ್ತನೇ ನಮ್ಮ ವೈದ್ಯ. ಇವೆರಡರ ನಡುವೆ ಸಿಕ್ಕು ಒಬ್ಬ ಹೆಣ್ಣುಮಗಳ ಜೀವ ಹೋಗುವಂತಾದೀತು ಎಂದು ಆಗ ನನಗೆ ಹೊಳೆಯಲಿಲ್ಲ.

ಸಾಕ್ಷಿ ಅಂದರೆ ಕೋರ್ಟಿನದಲ್ಲ. ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು, ದೇವರು ತನಗೆ ಏನು ಮಾಡಿದ ಎಂದು ಎಲ್ಲರೆದುರು ಹೇಳುವುದು. ನಮ್ಮ ಹೆಂಗಸರು ಶುರು ಮಾಡಿದರೆ ಅತ್ತೆಯ ಜಗಳ, ಎಮ್ಮೆ ಈದದ್ದು, ಎಲ್ಲ ಬರುತ್ತದೆ. ಗಂಡಸರು ತೂಕಡಿಸುತ್ತಾರೆ. ಅದಕ್ಕೇ ಪಾಸ್ಟರ್ ದೇವಪುತ್ರಪ್ಪನವರು ಹೆಂಗಸರ ಸಾಕ್ಷಿಯನ್ನು ಮೊದಲೇ ಕೇಳಿ ಚೊಕ್ಕ ಮಾಡುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ನನಗೂ ಅದರಲ್ಲಿ ಹೆಮ್ಮೆ ಇತ್ತು. ಸುಳ್ಳು ಯಾಕೆ ಹೇಳಲಿ.

ಕಲ್ಯಾಣಿ ಹತ್ತಿ ಬಿಡಿಸುವ ಕೂಲಿಗೆ ಹೋಗುವವಳು. ಗಂಡ ಯಲ್ಲಾಲಿಂಗ ದುಡಿಯಲು ಪುಣೆಗೆ ಹೋದರೆ ಆರು ತಿಂಗಳಿಗೊಮ್ಮೆ ಬರುತ್ತಾನೆ. ಮನೆಯಲ್ಲಿ ಅವಳೂ ಪುಟ್ಟ ಮಗಳು ಶಿವಗಂಗಾಳೂ ಇಬ್ಬರೇ. ಕಳೆದ ವರ್ಷ ಅವಳಿಗೆ ಟಿ.ಬಿ. ಹತ್ತಿತು. ಆಶಾ ಕಾರ್ಯಕರ್ತೆ ಮಹಬೂಬೀ ಮನೆಗೆ ಗುಳಿಗೆ ತಂದು ಕೊಟ್ಟಳು. ನಾವು ಶುಕ್ರವಾರ ಶುಕ್ರವಾರ ಉಪವಾಸ ಕೂತು ಪ್ರಾರ್ಥನೆ ಮಾಡಿದೆವು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮುಖದಲ್ಲಿ ರಕ್ತ ತುಂಬಿತು. ಸಾಕ್ಷಿ ಒಪ್ಪಿಸಲು ನಗುನಗುತ್ತ ನನ್ನ ಮನೆಗೆ ಬಂದಳು.

“ಅಕ್ಕೋರ, ಮಹಬೂಬೀ ಗುಳಿಗಿ ಕೊಟ್ಟಳು, ನೀವು ಪ್ರಾರ್ಥನಿ ಮಾಡಿದ್ರಿ, ಎರಡೂ ಕೂಡಿ ನನ್ನ ಜೀವ ಉಳೀತು. ಹಿಂಗ ಹೇಳ್ಲೇನು?”

“ಗುಳಿಗಿ ಮಾತು ಬಿಡವ್ವ,” ಎಂದೆ. “ಗುಳಿಗಿ ಊರಾಗ ಎಲ್ಲಾರೂ ನುಂಗ್ತಾರ. ದೇವರು ಮಾಡಿದ್ದಷ್ಟ ಹೇಳು.”

ಅವಳು ಹಾಗೇ ಹೇಳಿದಳು. ಸಭೆಯೆಲ್ಲ ಸ್ತೋತ್ರ, ಸ್ತೋತ್ರ ಎಂದಿತು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಎಷ್ಟು ಚೊಕ್ಕವಾಗಿತ್ತು!

ಮೂರು ತಿಂಗಳಾದ ಮೇಲೆ, ಒಂದು ಬುಧವಾರ ಬೆಳಿಗ್ಗೆ, ಮಹಬೂಬೀ ನನ್ನ ಬಾಗಿಲಿಗೆ ಬಂದು ಒಂದು ಪ್ಲಾಸ್ಟಿಕ್ ಚೀಲವನ್ನು ಕಟ್ಟೆಯ ಮೇಲೆ ಇಟ್ಟಳು. ತುಂಬ ಗುಳಿಗೆ. ಒಂದನ್ನೂ ಬಿಚ್ಚಿರಲಿಲ್ಲ.

“ಜ್ವಾಳದ ಗಡಿಗ್ಯಾಗ ಮುಚ್ಚಿಟ್ಟಿದ್ಲು ಅಕ್ಕಾ. ನಾ ಕೊಟ್ಟಾಗೆಲ್ಲ ಊಟ ಆದಮ್ಯಾಲ ನುಂಗ್ತೀನಿ ಅಂತಿದ್ಲು, ನಾನೂ ಹುಚ್ಚಿ, ನಂಬಿದೆ. ಸಾಕ್ಷಿ ಹೇಳಿದ ದಿನದಿಂದ ಒಂದೂ ನುಂಗಿಲ್ಲ. ಈಗ ಕಫದಾಗ ರಕ್ತ ಬರಾಕತ್ತದ. ಆ ಕೂಸು ಶಿವಗಂಗಾ ಆಕಿ ಮಗ್ಗಲ್ದಾಗ ಮಲಗ್ತದ, ಅದಕ್ಕೂ ಕೆಮ್ಮು. ನನ್ನ ಮಾತು ಕೇಳವಲ್ಲಳು. ನಿಮ್ಮ ಮಾತು ಕೇಳ್ತಾಳ, ನೀವು ಹೇಳ್ರಿ.”

ಚೀಲ ಎತ್ತಿಕೊಂಡು ಓಡಿದೆ. ಕಲ್ಯಾಣಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಒಂದು ಅರಿವೆಯನ್ನು ಬೇಗ ನೀರಿನಲ್ಲಿ ಅದ್ದಿದಳು. ನೀರು ಕೆಂಪಾಯಿತು. ಅವಳ ತೋಳು ಕಡ್ಡಿಯಾಗಿತ್ತು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಭಾನುವಾರ ಭಾನುವಾರ ಅವಳನ್ನು ನೋಡಿದ ನನ್ನ ಕಣ್ಣಿಗೆ ಇದು ಯಾಕೆ ಬೀಳಲಿಲ್ಲವೋ.

“ದವಾಖಾನಿಗೆ ನಡಿ,” ಎಂದೆ.

“ಹ್ಯಾಂಗ ಬರ್ಲಿ ಅಕ್ಕೋರ? ಪ್ರಾರ್ಥನಿಯಿಂದ ಗುಣ ಆತು ಅಂತ ದೇವರ ಮುಂದ ಹೇಳೀನಿ. ಈಗ ಗುಳಿಗಿ ನುಂಗಿದ್ರ ಆವತ್ತಿನ ಮಾತು ಸುಳ್ಳಾಗ್ತದ. ಸುಳ್ಳ ಸಾಕ್ಷಿ ಹೇಳಿದಾಕಿನ್ನ ಆತ ಯಾಕ ಉಳಸ್ಯಾನು?”

“ಗುಳಿಗಿನೂ ದೇವರ ಕೊಟ್ಟದ್ದು, ಹುಚ್ಚಿ.”

“ಹಂಗಿದ್ರ ಆವತ್ತ ಯಾಕ ಬಿಡಿಸಿದ್ರಿ?”

ಅವಳು ನನ್ನನ್ನು ದೂರುತ್ತಿರಲಿಲ್ಲ, ಅದೇ ಇನ್ನೂ ಕಷ್ಟ. ನಿಜವಾಗಿ ತಿಳಿಯಲು ಕೇಳಿದ್ದಳು.

“ಶುಕ್ರವಾರ ಮಾನ್ವಿ ದೊಡ್ಡ ಪ್ರಾರ್ಥನಿ ಕೂಟದಾಗ ನನ್ನ ಸಾಕ್ಷಿ ಅದ. ಅಷ್ಟು ಮಂದಿ ಮುಂದ ಇನ್ನೊಮ್ಮಿ ಹೇಳಿದ್ರ ನಂಬಿಕಿ ಗಟ್ಟಿ ಆಗ್ತದ, ಈ ಕೆಮ್ಮು ಹೋಗ್ತದ. ನಿಮಗಿದ್ದಂಗ ನಂಬಿಕಿ ನನಗೂ ಬರಬೇಕು, ಅಷ್ಟ. ನೀವು ಎಂದರ ಒಂದು ಗುಳಿಗಿ ನುಂಗೀರೇನು?”

ನಾನು ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದೇನೆ. ಬೆಳಿಗ್ಗೆ ಒಂದು, ಸಂಜೆ ಒಂದು. ಸೊಸೆಗೂ ಗೊತ್ತಾಗದಂತೆ ಹಳೆಯ ಚಾಕ್‌ಪೀಸ್ ಡಬ್ಬಿಯಲ್ಲಿ ಇಡುತ್ತೇನೆ. ಆ ಹೊತ್ತಿಗೆ ಒಂದು ಮಾತು ಸಾಕಿತ್ತು. ಆಡಲಿಲ್ಲ. ಸಭೆಯ ಹಿರಿಯಳು, ಐದನೆಯ ಮಾತು ಬರೆಸಿದವಳು, ಈ ವಯಸ್ಸಿನಲ್ಲಿ ಮಾನ ಕಳೆದುಕೊಳ್ಳಲು ಹೆದರಿದೆ. ಕೆಂಪು ನೀರಿನ ಬಕೀಟು ನಮ್ಮಿಬ್ಬರ ನಡುವೆ ಇತ್ತು, ಗುಳಿಗೆಯ ಚೀಲವನ್ನು ಅದರ ಪಕ್ಕದಲ್ಲಿಟ್ಟು ತಿರುಗಿ ನಡೆದೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಲ್ಲಿಂದ ಪಾಸ್ಟರ ಮನೆಗೆ ಹೋದೆ. ಅವರು ಕೆಟ್ಟವರಲ್ಲ. ಹೆಣ ಹೊರಲು ಯಾರೂ ಬಾರದ ಮನೆಗೆ ಹೋಗಿ ಹೆಗಲು ಕೊಡುವ ಮನುಷ್ಯ. ನನ್ನ ಮಾತು ಕೇಳಿ ಬಹಳ ನೊಂದುಕೊಂಡರು.

“ನಾ ಎಂದರ ಗುಳಿಗಿ ಬ್ಯಾಡ ಅಂದೀನೇನ್ರಿ, ಅಕ್ಕೋರ?”

ಇಲ್ಲ. ಅವರು ಎಂದೂ ಅಂದಿರಲಿಲ್ಲ. ಯಾರೂ ಅಂದಿರಲಿಲ್ಲ. ಅನ್ನುವ ಅಗತ್ಯವೇ ಬಿದ್ದಿರಲಿಲ್ಲ.

“ಕೂಟದ ಮುಂಚೆ ಇಂಥಾ ಪರೀಕ್ಷಿ ಬರ್ತಾವ,” ಎಂದರು. “ಆಕಿ ಹೆಸರು ಹಾಕಿ ಮಾನ್ವ್ಯಾಗ ಎಲ್ಲಾ ಕಡಿ ಹೇಳ್ಯಾರ. ಎರಡ ದಿನ. ಮುಗಿದ ಮ್ಯಾಲ ನಾನ ಕರಕೊಂಡು ಹೋಗ್ತೀನಿ.”

ಎರಡು ದಿನವೂ ಕಲ್ಯಾಣಿಯ ಬಾಗಿಲಿಗೆ ಅಲೆದೆ. ಅವಳು ಉಪವಾಸ ಹಿಡಿದಿದ್ದಳು. ನೀರು ಮಾತ್ರ. ಮಹಬೂಬೀ ನನ್ನನ್ನು ನೋಡಿ ಮುಖ ತಿರುಗಿಸಿದಳು, ತಿರುಗಿಸಲಿ, ಸರಿಯೇ.

ಶುಕ್ರವಾರ ಮಾನ್ವಿಯ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತೆ. ಮಗಳನ್ನು ಮಹಬೂಬೀಯ ಹತ್ತಿರ ಬಿಟ್ಟಿದ್ದಳು. ಸಿರವಾರ ದಾಟುವಷ್ಟರಲ್ಲಿ ಕೆಮ್ಮಿ ಕೆಮ್ಮಿ ಅವಳ ಸೆರಗಿನ ತುದಿ ರಕ್ತದಿಂದ ಒದ್ದೆಯಾಗಿತ್ತು. ಮುಂದಿನ ಸೀಟಿನವರು ಎದ್ದು ಹಿಂದೆ ಹೋದರು. “ಕರ್ತನೇ, ಇವಳನ್ನು ನಿಲ್ಲಿಸು,” ಎಂದು ಬೇಡಿದೆ. ನಿಲ್ಲಿಸಬೇಕಾದವಳು ಅವಳ ಪಕ್ಕದಲ್ಲೇ ಕೂತಿದ್ದಾಳೆ ಎಂದು ಆತನಿಗೆ ಗೊತ್ತಿರಲಿಲ್ಲವೇ!

ಪೆಂಡಾಲು ತುಂಬಿತ್ತು. ಬಿಸಿಲಿಗೆ ತಗಡು ಕಾದು, ಫ್ಯಾನುಗಳು ಬಿಸಿಗಾಳಿ ಬೀಸುತ್ತಿದ್ದವು. ಮೈಕಿನಲ್ಲಿ ಕಲ್ಯಾಣಿಯ ಹೆಸರು ಕೂಗಿದರು. ಅವಳು ಎದ್ದಳು, ಎರಡು ಹೆಜ್ಜೆ ಇಟ್ಟು ಕಂಬ ಹಿಡಿದಳು. ಉಸಿರಿಗೆ ಅವಳ ಪಕ್ಕೆಲುಬು ಕುಣಿಯುತ್ತಿತ್ತು. ಆ ವೇದಿಕೆ ಹತ್ತಿದರೆ ಇವಳು ಹೆಣವಾಗಿ ಇಳಿಯುತ್ತಾಳೆ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ನಾನು ಅವಳನ್ನು ಹಿಂದೆ ಕೂರಿಸಿ ಮೆಟ್ಟಿಲು ಹತ್ತಿ ಮೈಕು ಕಸಿದುಕೊಂಡೆ.

“ನಾನು ದೇವದುರ್ಗದ ಆದೆಮ್ಮ. ಹನ್ನೊಂದು ವರ್ಷದಿಂದ ಸಕ್ಕರಿ ಬ್ಯಾನಿಗೆ ಗುಳಿಗಿ ನುಂಗಾಕತ್ತೀನಿ. ಇವತ್ತು ಮುಂಜಾನಿನೂ ನುಂಗೀನಿ.” ಚಾಕ್‌ಪೀಸ್ ಡಬ್ಬಿಯನ್ನು ಸೊಂಟದಿಂದ ತೆಗೆದು ಎತ್ತಿ ತೋರಿಸಿದೆ, ಸಂಜೆಯ ಗುಳಿಗೆಗೆಂದು ತಂದಿದ್ದೆ. ಅಲುಗಿಸಿದೆ, ಗುಳಿಗೆಗಳು ಒಳಗೆ ಸದ್ದು ಮಾಡಿದವು. “ಕಲ್ಯಾಣಿ ಸುಳ್ಳ ಹೇಳಿಲ್ಲ. ಆಕಿ ಗುಳಿಗಿನೂ ಪ್ರಾರ್ಥನಿನೂ ಎರಡೂ ಹೇಳಾಕ ಬಂದಿದ್ದಳು. ಗುಳಿಗಿ ಮಾತು ತಗದಾಕಿ ನಾನು. ಆ ಪಾಪ ನಂದು. ಆಕಿ ಈಗ ಸಾಯಾಕತ್ತಾಳ.”

ಸ್ತೋತ್ರ ಎನ್ನಲು ಬಾಯಿ ತೆರೆದವರು ಹಾಗೇ ಉಳಿದರು. ಯಾರೋ ಮೈಕು ಆರಿಸಿದರು. ಹಾರ್ಮೋನಿಯಂ ಶುರುವಾಯಿತು, ಜನ ಹಾಡಿದರು. ಆ ಹಾಡಿನ ನಡುವೆ ನಾನು ಕೆಳಗಿಳಿದೆ.

ಕಲ್ಯಾಣಿ ಪೆಂಡಾಲಿನಲ್ಲಿ ಇರಲಿಲ್ಲ. ರಸ್ತೆಯಾಚೆ, ಬೇವಿನ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದ ಮಣ್ಣಿನಲ್ಲಿ ರಕ್ತ. ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನನ್ನ ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನಿ ಮಾಡಿದ್ರಲ್ಲ ಅಕ್ಕೋರ, ಆವಾಗೂ ನಿಮ್ಮ ಹೊಟ್ಟ್ಯಾಗ ಗುಳಿಗಿ ಇತ್ತೇನು?”

“ಇತ್ತವ್ವ.”

“ಮೊನ್ನಿ ಹಿತ್ತಲ್ದಾಗ ನಾ ಕೇಳಿದಾಗ?”

“ಆವಾಗೂ.”

ಅವಳು ಮೊಣಕಾಲಿಗೆ ಮುಖ ಹಚ್ಚಿ ಅತ್ತಳು. ಅಳುವಷ್ಟು ಉಸಿರೂ ಅವಳಿಗೆ ಇರಲಿಲ್ಲ. “ನೀವು ಬದುಕಾಕತ್ತಿದ್ರಿ,” ಎಂದಳು. “ನನಗ ಯಾಕ ಹೇಳಲಿಲ್ಲ?”

ಅವಳ ಬೆನ್ನು ಸವರಲು ಹೋದ ಕೈಯನ್ನು ತಳ್ಳಿದಳು. ಆದರೆ ರಾಯಚೂರಿನ ಬಸ್ಸು ಬಂದಾಗ ಏಳಲು ಆಗದೆ ಅದೇ ಕೈ ಹಿಡಿದಳು. ಅಷ್ಟರಲ್ಲಿ ಪಾಸ್ಟರು ಅವಳು ಪೆಂಡಾಲಿನಲ್ಲಿ ಬಿಟ್ಟುಬಂದ ಬಟ್ಟೆಯ ಚೀಲ ಹಿಡಿದು ರಸ್ತೆ ದಾಟಿ ಓಡಿ ಬಂದರು. ನನ್ನ ಮುಖ ನೋಡಲಿಲ್ಲ. ಅವಳನ್ನು ಎತ್ತಿ ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ “ಜಲ್ದಿ ಹೋಗ್ರಿ, ನಿಮಗ ಕೈ ಮುಗೀತೀನಿ,” ಎಂದರು.

ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದರು. ಡಾಕ್ಟರು ಎಕ್ಸರೇ ಹಿಡಿದು ಬಹಳ ಹೊತ್ತು ನೋಡಿದರು. ನಡುವೆ ಬಿಟ್ಟದ್ದರಿಂದ ಹಳೆಯ ಗುಳಿಗೆ ಈಗ ಹತ್ತದೇ ಇರಬಹುದು, ಪರೀಕ್ಷೆ ಮಾಡಿ ನೋಡಬೇಕು, ಒಂದು ಶ್ವಾಸಕೋಶ ಬಹಳ ಕೆಟ್ಟಿದೆ ಎಂದರು. ಮಗಳಿಗೂ ಕೆಮ್ಮಿದೆ ಎಂದೆ, ಕಲ್ಯಾಣಿ ಉಳಿಯುತ್ತಾಳಾ ಎಂದು ಕೇಳಿದೆ. “ಈಗ ಏನೂ ಹೇಳಾಕಾಗಲ್ಲಮ್ಮಾ. ಮಗಳನ್ನ ನಾಳೆನ ಕರಕೊಂಡು ಬರ್ರಿ,” ಎಂದು ಮುಂದಿನ ಹಾಸಿಗೆಗೆ ಹೋದರು.

ನರ್ಸು ಹಾಳೆ ತಂದು ಹಾಸಿಗೆಯ ಅಂಚಿಗೆ ನಿಂತಳು. “ಗುಳಿಗಿ ಯಾಕ ಬಿಟ್ಟಿ?”

ಕಲ್ಯಾಣಿ ನನ್ನ ಕಡೆ ನೋಡಿದಳು. ಅಭ್ಯಾಸ. ಮಾತು ಒಪ್ಪಿಸುವ ಮುಂಚೆ ಅವಳು ಯಾವಾಗಲೂ ನನ್ನ ಕಡೆ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿದೆ.

ಆಮೇಲೆ ಅವಳು ಹೇಳತೊಡಗಿದಳು. ಮಾತಿಗೊಮ್ಮೆ ನಿಂತು, ಉಸಿರು ಎಳೆದುಕೊಂಡು. ಯಾವಾಗ ಕೆಮ್ಮು ಹತ್ತಿತು, ಮಹಬೂಬೀ ಎಷ್ಟು ಸಾರಿ ಬಂದಳು, ಯಾವ ಬಣ್ಣದ ಗುಳಿಗೆ, ಹತ್ತಿ ಹೊಲದಲ್ಲಿ ಯಾರು ಏನಂದರು, ಗಂಡ ಫೋನಿನಲ್ಲಿ ಹೇಗೆ ನಕ್ಕ, ಜೋಳದ ಗಡಿಗೆ, ಅಕ್ಕೋರು ಗುಳಿಗಿ ಮಾತು ಬಿಡು ಅಂದದ್ದು. ನರ್ಸು ಬರೆಯುವುದನ್ನು ಬಿಟ್ಟು ಕೇಳುತ್ತಾ ನಿಂತಳು. ಬಹಳ ಉದ್ದವಾಗಿತ್ತು, ಅಲ್ಲಲ್ಲಿ ಹೇಳಿದ್ದನ್ನೇ ಹೇಳಿದಳು. ನಾನು ಒಂದು ಮಾತನ್ನೂ ತೆಗೆಯಲಿಲ್ಲ.